ಸಿಬಿಲ್ ಸ್ಕೋರ್ ಕಡಿಮೆ ಇರುವ ಸಣ್ಣ ಕಾಂಟ್ರಾಕ್ಟರ್‌ಗೆ ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್) ಸಿಗುತ್ತದೆಯೇ?

ಸಿಗುತ್ತದೆ. ಆದರೆ ಸ್ಕೋರ್ (ಹಳೇ ಸಾಲ ಹೇಗೆ ಕಟ್ಟಿದ್ದೀರಿ ಎಂದು ತೋರಿಸುವ ಅಂಕ) ನೋಡಿ ಕೊಡುವ ಓಡಿ ಅಲ್ಲ, ಎಫ್‌ಡಿ (ಬ್ಯಾಂಕಿನಲ್ಲಿ ಅವಧಿಗೆ ಇಟ್ಟ ಠೇವಣಿ) ಅಥವಾ ಬಂಗಾರದ ಮೇಲೆ ಕೊಡುವ ಓಡಿ. ಬಾಗಲಕೋಟೆ ಕಡೆ ಚರಂಡಿ, ಶಾಲೆ ಕಾಂಪೌಂಡ್ ಕೆಲಸ ಹಿಡಿಯುವ ನಿಮ್ಮಂಥವರು ಮೊದಲು ಕೇಳಬೇಕಾದದ್ದು ಇದನ್ನೇ.

ಓಡಿ ಅಂದರೆ ಬ್ಯಾಂಕ್ ಒಂದು ಮಿತಿ ಹಾಕಿ, ‘ಬೇಕಾದಾಗ ತೆಗೀರಿ, ಬಿಲ್ ಬಂದಾಗ ಕಟ್ಟಿ’ ಎಂದು ಬಿಡುವ ಸಾಲ. ತಿಂಗಳ ಕಂತು ಇಲ್ಲ. ಹಾಗಾಗಿ ನೀವು ತೊಂದರೆಯಲ್ಲಿದ್ದರೂ ಬ್ಯಾಂಕಿಗೆ ಬೇಗ ಗೊತ್ತಾಗುವುದಿಲ್ಲ. ಆ ಭಯಕ್ಕೇ ಅವರು ಸ್ಕೋರ್ ನೋಡುವುದು. ಎಫ್‌ಡಿ ಅಡವಿದ್ದರೆ ಹಣ ಅವರ ಕೈಯಲ್ಲೇ ಇರುತ್ತದೆ ಅಲ್ವಾ? ಸಾಮಾನ್ಯವಾಗಿ ಎಫ್‌ಡಿಯ ಶೇ. 90ರವರೆಗೆ ಕೊಡುತ್ತಾರೆ. ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ.

5 ಲಕ್ಷದ ಮಿತಿ ಇದೆ ಅಂದುಕೊಳ್ಳಿ. ಗೌಂಡಿಗಳ ಬಟವಾಡೆಗೆ 60 ಸಾವಿರ ತೆಗೆದರೆ ಬಡ್ಡಿ ಅಷ್ಟಕ್ಕೆ ಮಾತ್ರ. ವರ್ಷಕ್ಕೆ ಶೇ. 9ರಂತೆ ಹಿಡಿದರೆ ತಿಂಗಳಿಗೆ 450 ರೂಪಾಯಿ. ಅದೇ ಹಣವನ್ನು ಖಾಸಗಿಯವರ ಹತ್ತಿರ ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ತಂದರೆ 1,800. ಬಿಲ್ ಜಮಾ ಆದ ದಿನವೇ ಓಡಿಗೆ ಕಟ್ಟಿಬಿಡಿ.

ಜೊತೆಗೆ ಸಿಬಿಲ್ ರಿಪೋರ್ಟ್ ತೆಗೆಸಿ, ವರ್ಷಕ್ಕೊಮ್ಮೆ ಪುಕ್ಕಟೆ. ಹಳೇ ಸಾಲದ ಮುಂದೆ ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕಿನವರು ಅದನ್ನು ಪೂರ್ತಿ ತೀರಿದ ಸಾಲ ಎಂದು ನೋಡುವುದಿಲ್ಲ. ಬಾಕಿ ಕಟ್ಟಿ ‘ಕ್ಲೋಸ್ಡ್’ ಮಾಡಿಸಿ. ‘ಸ್ಕೋರ್ ಬೇಡ, ಮೊದಲು ಫೀ ಕೊಡಿ, ಓಡಿ ಮಾಡಿಸ್ತೀವಿ’ ಅನ್ನುವ ಏಜೆಂಟರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.