ಐಸ್‌ಗಿಂತ ತಣ್ಣಗಿರುವ ನೀರಿನಲ್ಲಿ ಮೀನು ಯಾಕೆ ಹೆಪ್ಪುಗಟ್ಟುವುದಿಲ್ಲ?

ಕೆನಡಾ ಕಡೆಯ ಕಡಲತೀರದಲ್ಲಿ ಚಳಿಗಾಲಕ್ಕೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಮೀನು ಹೇಗೆ ಬದುಕುತ್ತದೆ, ನಮ್ಮ ಬಂಗುಡೆಯನ್ನು ಅಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಕೇಳಿದ್ದೀರಿ. ಜೊತೆಗೆ ಒಂದು ಊಹೆಯನ್ನೂ ಬರೆದಿದ್ದೀರಿ: ತಳದಲ್ಲಿ ನೀರು 4 ಡಿಗ್ರಿ ಇರುತ್ತದಲ್ವಾ, ಮೀನು ಅಲ್ಲಿಗೆ ಹೋಗಿ ಕೂರುತ್ತೇನೋ ಅಂತ.

ಮೊದಲು ಆ ಊಹೆಯನ್ನು ಬಿಟ್ಟುಬಿಡಿ. ಸ್ಕೂಲಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು ಅದೇ, ತಪ್ಪೂ ಅಲ್ಲ, ಆದರೆ ಅದು ಕೆರೆಯ ಲೆಕ್ಕ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಅದು ತಳಕ್ಕೆ ಹೋಗುತ್ತದೆ, ಮೇಲೆ ಐಸ್ ಕಟ್ಟಿದರೂ ಕೆಳಗೆ ಮೀನು ಆರಾಮಾಗಿರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಉಪ್ಪಿದ್ದಾಗ ನೀರು ತಣ್ಣಗಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ, 4 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಹೆಪ್ಪುಗಟ್ಟುವುದು ಮೈನಸ್ 1.9ರ ಹತ್ತಿರ. ಅಂದರೆ ತೀರದ ಹತ್ತಿರ, ನೀರು ಅಷ್ಟೇನೂ ಆಳ ಇಲ್ಲದ ಕಡೆ, ಮೇಲಿಂದ ತಳದವರೆಗೂ ಪೂರ್ತಿ ಸೊನ್ನೆಗಿಂತ ಕೆಳಗಿರಬಹುದು. ಬೆಚ್ಚಗಿನ ಮೂಲೆ ಅಂತ ಒಂದು ಇರುವುದೇ ಇಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಐಸ್ ಫ್ಯಾಕ್ಟರಿಯಲ್ಲಿ. ಮಂಡ್ಯದಲ್ಲಿ ನಮ್ಮ ಮಾವನದು ಮೀನಂಗಡಿ. ಕಾಲೇಜು ದಿನಗಳಲ್ಲಿ ಬೆಳಿಗ್ಗೆ ಐಸ್ ತರುವ ಕೆಲಸ ನನ್ನದು. ಅಲ್ಲಿ ಒಂದು ದೊಡ್ಡ ತೊಟ್ಟಿ, ತುಂಬ ಉಪ್ಪುನೀರು, ಅದರೊಳಗೆ ಸಾಲಾಗಿ ಉದ್ದನೆಯ ತಗಡಿನ ಡಬ್ಬಗಳನ್ನು ಇಳಿಬಿಟ್ಟಿರುತ್ತಾರೆ. ಡಬ್ಬದಲ್ಲಿ ಮಾಮೂಲಿ ನೀರು. ಉಪ್ಪುನೀರನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಸಿದರೂ ಅದು ನೀರಾಗಿಯೇ ಸುತ್ತುತ್ತಿರುತ್ತದೆ, ಡಬ್ಬದೊಳಗಿನದು ಮಾತ್ರ ಕಲ್ಲಾಗುತ್ತದೆ. ಚಳಿಗಾಲದ ಸಮುದ್ರ ಆ ತೊಟ್ಟಿ ಅಂದುಕೊಳ್ಳಿ. ಮೀನು ಅದರೊಳಗಿನ ಡಬ್ಬ. ಯಾಕೆಂದರೆ ಸಾಮಾನ್ಯ ಕಡಲ ಮೀನಿನ ರಕ್ತದಲ್ಲಿ ಇರುವ ಉಪ್ಪು ಸಮುದ್ರದ ನೀರಿನ ಮೂರನೇ ಒಂದು ಭಾಗದಷ್ಟು, ಹಾಗಾಗಿ ಆ ರಕ್ತ ಮೈನಸ್ 0.7, 0.8ರ ಸುಮಾರಿಗೇ ಹೆಪ್ಪುಗಟ್ಟಬೇಕು. ಹೊರಗೆ ನೀರು ಇನ್ನೂ ಓಡಾಡುತ್ತಿರುವಾಗಲೇ ಒಳಗೆ ಮೀನು ಐಸ್ ಆಗಬೇಕು!

ಇನ್ನೊಂದು ರೀತಿ ನೋಡಿ. ನಮ್ಮ ಅಂಗಡಿಗೆ ಮಂಗಳೂರಿನಿಂದ ಥರ್ಮಾಕೋಲ್ ಬಾಕ್ಸಿನಲ್ಲಿ ಬರುವ ಸತ್ತ ಬಂಗುಡೆಯ ಮೇಲೆ ಸುರಿದಿರುವ ಕರಗುವ ಐಸ್ ಸೊನ್ನೆ ಡಿಗ್ರಿ ಇರುತ್ತದೆ. ಕೆನಡಾ ತೀರದಲ್ಲಿ ಜೀವಂತ ಮೀನು ಈಜುತ್ತಿರುವ ನೀರು ಅದಕ್ಕಿಂತ ತಣ್ಣಗೆ.

ಹಾಗಾದರೆ ಬದುಕುವುದು ಹೇಗೆ? ಒಂದೊಂದು ಮೀನಿನದು ಒಂದೊಂದು ದಾರಿ. ತುಂಬ ಮೀನುಗಳದ್ದು ಸುಲಭದ ದಾರಿ: ಊರು ಬಿಡುವುದು. ಅಟ್ಲಾಂಟಿಕ್ ಬಂಗುಡೆ ಚಳಿಗೆ ಮುಂಚೆಯೇ ತೀರ ಬಿಟ್ಟು ದೂರದ, ಆಳದ, ಸ್ವಲ್ಪ ಬೆಚ್ಚಗಿನ ನೀರಿಗೆ ಹೊರಟುಬಿಡುತ್ತದೆ. ಶಾರ್ಕ್‌ಗಳಿಗೆ ಈ ತಲೆನೋವೇ ಇಲ್ಲ, ಅವುಗಳ ರಕ್ತದಲ್ಲಿ ಯೂರಿಯಾ ಮತ್ತಿತರ ವಸ್ತು ಸೇರಿ ಸಮುದ್ರದಷ್ಟೇ ಗಟ್ಟಿ ಇರುತ್ತದೆ. ಕನ್ನರ್ ಅಂತ ಒಂದು ಮೀನಿದೆ, ನೀರು 5 ಡಿಗ್ರಿ ಹತ್ತಿರ ಬಂತು ಅಂದರೆ ಕಲ್ಲುಸಂದಿಗೆ ನುಗ್ಗಿ ಊಟ ಬಿಟ್ಟು ತಿಂಗಳುಗಟ್ಟಲೆ ಜಡವಾಗಿ ಬಿದ್ದಿರುತ್ತದೆ.

ಇನ್ನು ಕೆಲವು ಸುಮ್ನೆ ಆಳದಲ್ಲಿ ಇದ್ದುಬಿಡುತ್ತವೆ, ಅದು ಹೇಗೆ ಅಂತ ಹೇಳಲು ಒಂದು ಬಾಟಲ್ ಕಥೆ ಹೇಳಬೇಕು. ಒಂದು ಬೇಸಿಗೆಯಲ್ಲಿ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಕುಡಿಯುವ ನೀರಿನ ಬಾಟಲ್ ಇಟ್ಟು ಮರೆತಿದ್ದೆ. ಒಡೆದಿರುತ್ತದೆ ಅಂದುಕೊಂಡು ತೆಗೆದರೆ ನೀರು ನೀರಾಗಿಯೇ ಇದೆ. ಮೇಜಿನ ಮೇಲೆ ಟಪ್ ಅಂತ ಇಟ್ಟೆ ನೋಡಿ, ಕತ್ತಿನಿಂದ ಕೆಳಗಿನವರೆಗೆ ಬೆಳ್ಳಗೆ ಇಳಿದುಬಂತು, ಮೂರು ನಾಲ್ಕು ಸೆಕೆಂಡಿನಲ್ಲಿ. ಮಾವ ಏನೋ ಮಾಟ ಅಂದರು. ಸೊನ್ನೆಗಿಂತ ಕೆಳಗಿಳಿದ ನೀರಿಗೆ ಹೆಪ್ಪುಗಟ್ಟಲು ಒಂದು ಶುರುವಾತು ಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಐಸ್ ಹರಳೋ, ಒಂದು ಕುಟ್ಟೋ ಸಿಗುವವರೆಗೆ ಹಾಗೇ ಇರುತ್ತದೆ. 1950ರ ದಶಕದಲ್ಲಿ ಶೋಲಾಂಡರ್ ಎಂಬ ವಿಜ್ಞಾನಿಯ ತಂಡ ಕೆನಡಾದ ಲ್ಯಾಬ್ರಡಾರ್ ತೀರದಲ್ಲಿ ನೋಡಿದ್ದು ಇದನ್ನೇ. ಆಳದ ಮೀನುಗಳ ರಕ್ತ ಲೆಕ್ಕದ ಪ್ರಕಾರ ಹೆಪ್ಪುಗಟ್ಟಿರಬೇಕಿತ್ತು, ಆದರೆ ಆರಾಮಾಗಿ ಈಜುತ್ತಿದ್ದವು, ಯಾಕೆಂದರೆ ಅಷ್ಟು ಆಳದಲ್ಲಿ ಐಸ್ ಇಲ್ಲ. ಅದೇ ಮೀನಿಗೆ ಒಂದು ಚೂರು ಐಸ್ ತಾಗಿಸಿದರೆ ಕಣ್ಣೆದುರಿಗೇ ಹೆಪ್ಪುಗಟ್ಟಿ ಸತ್ತವು.

ಆಳದಲ್ಲಿರುವ ಮೀನಿಗೆ ಇದು ನಡೆಯುತ್ತದೆ. ತೀರದಲ್ಲಿ, ಐಸ್ ಚೂರುಗಳ ಮಧ್ಯೆಯೇ ಇರುವ ಮೀನಿಗೆ? ಕುಡಿಯುವ ನೀರಿನಲ್ಲಿ ಐಸ್, ಕಿವಿರಿಗೆ ತಾಗುವುದು ಐಸ್. ಅಸಲಿ ಮಜಾ ಇರುವುದು ಇಲ್ಲೇ.

1960ರ ದಶಕದಲ್ಲಿ ಆರ್ಥರ್ ಡಿವ್ರೀಸ್ ಎಂಬ ಅಮೆರಿಕನ್ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋದಲ್ಲಿ ಇಂಥ ಮೀನುಗಳ ರಕ್ತವನ್ನು ಪರೀಕ್ಷೆ ಮಾಡಿದರು. ಉಪ್ಪು ಒಂದರಿಂದಲೇ ಲೆಕ್ಕ ಸರಿಹೋಗಲಿಲ್ಲ. ರಕ್ತದಲ್ಲಿ ಒಂದು ವಿಶೇಷ ಪ್ರೋಟೀನ್ ಸಿಕ್ಕಿತು. ಇದು ಉಪ್ಪಿನ ಹಾಗೆ ಕೆಲಸ ಮಾಡುವುದಿಲ್ಲ. ನಮ್ಮಮ್ಮ ಜಾಮೂನಿನ ಪಾಕಕ್ಕೆ ಎರಡು ಹನಿ ನಿಂಬೆರಸ ಹಿಂಡುತ್ತಿದ್ದರು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟುತ್ತದೆ. ಹುಳಿಗೆ ಸ್ವಲ್ಪ ಸಕ್ಕರೆ ಒಡೆಯುತ್ತದೆ, ಒಡೆದ ಚೂರುಗಳು ಹರಳು ಬೆಳೆಯುವ ಜಾಗಕ್ಕೆ ಅಡ್ಡ ಬರುತ್ತವೆ. ಈ ಪ್ರೋಟೀನೂ ಹೆಚ್ಚುಕಮ್ಮಿ ಹಾಗೇ, ಒಳಗೆ ನುಗ್ಗಿದ ಐಸ್ ಹರಳಿನ ಮೈಗೆ ಹೋಗಿ ಅಂಟಿಕೊಂಡು ಅದನ್ನು ಬೆಳೆಯಲು ಬಿಡುವುದಿಲ್ಲ. ಐಸನ್ನು ಕರಗಿಸುವುದಿಲ್ಲ, ಗಮನಿಸಿ. ಹರಳು ಹಾಗೇ ಸಣ್ಣದಾಗಿ ಉಳಿಯುತ್ತದೆ, ಅಂಟಾರ್ಕ್ಟಿಕಾದ ಮೀನುಗಳ ಗುಲ್ಮದಲ್ಲಿ ಇಂಥ ಐಸ್ ಸಿಕ್ಕಿದೆ. ಇನ್ನೂ ತಮಾಷೆ ಅಂದರೆ ಪ್ರೋಟೀನ್ ಅಂಟಿದ ಹರಳು ಕರಗುವುದಕ್ಕೂ ಸತಾಯಿಸುತ್ತದೆ, ಅಲ್ಲಿನ ಬೇಸಿಗೆ ಬಂದರೂ ಕೆಲವು ಹಾಗೇ ಇರುತ್ತವೆ ಅಂತ 2014ರಲ್ಲಿ ತೋರಿಸಿದ್ದಾರೆ.

ನೀವು ಕೇಳಿದ ಕೆನಡಾಕ್ಕೆ ವಾಪಸ್ ಬರೋಣ. ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ವಿಂಟರ್ ಫ್ಲೌಂಡರ್ ಅಂತ ಚಪ್ಪಟೆ ಮೀನಿದೆ, ನೋಡಲು ನಮ್ಮ ಕರಾವಳಿಯ ನಂಗಿನ ಕಡೆಯವನ ಹಾಗೆ. ಇದು ವರ್ಷಪೂರ್ತಿ ಪ್ರೋಟೀನ್ ಇಟ್ಟುಕೊಂಡಿರುವುದಿಲ್ಲ. ಚಳಿ ಬರುವ ಮುಂಚೆ ಲಿವರ್‌ನಲ್ಲಿ ತಯಾರಿ ಶುರುಮಾಡಿ, ಬೇಸಿಗೆಗೆ ನಿಲ್ಲಿಸಿಬಿಡುತ್ತದೆ. ಚಳಿ ಬರುತ್ತಿದೆ ಅಂತ ಅದಕ್ಕೆ ಮುಖ್ಯವಾಗಿ ಗೊತ್ತಾಗುವುದು ಹಗಲು ಗಿಡ್ಡವಾಗುವುದರಿಂದ. ಲೈಟ್ ಹಾಕಿ ಹಗಲನ್ನು ಉದ್ದ ಮಾಡಿದರೆ ಪ್ರೋಟೀನ್ ತಡವಾಗುತ್ತದೆ. ನೀರು ತಣ್ಣಗಾದ ಮೇಲೆ ಶುರುಮಾಡಿದರೆ ಲೇಟಾಗುತ್ತದಲ್ವಾ, ನನಗೆ ಇದು ಬಹಳ ಜಾಣ ಏರ್ಪಾಡು ಅನಿಸುತ್ತದೆ. ಅದೇ ಕಡಲಿನ ಓಷನ್ ಪೌಟ್ ಎಂಬ ಮೀನಿನದ್ದೂ ಇಂಥ ಪ್ರೋಟೀನ್. ಅದನ್ನು ಈಗ ಯೀಸ್ಟ್‌ನಲ್ಲಿ ಬೆಳೆಸಿ ಕೆಲವು ದೇಶಗಳಲ್ಲಿ ಐಸ್‌ಕ್ರೀಮಿಗೆ ಹಾಕುತ್ತಾರೆ, ಬಾಯಿಗೆ ಹರಳು ಸಿಗದಿರಲಿ ಅಂತ. (ಮೀನನ್ನು ಅರೆದು ಹಾಕುವುದಲ್ಲ, ಸಸ್ಯಾಹಾರಿಗಳು ಗಾಬರಿಯಾಗಬೇಡಿ.)

ರೇನ್‌ಬೋ ಸ್ಮೆಲ್ಟ್ ಎಂಬ ಸಣ್ಣ ಮೀನು ಪ್ರೋಟೀನ್ ಜೊತೆಗೆ ಗ್ಲಿಸರಿನ್ ಕೂಡ ಮಾಡಿಕೊಳ್ಳುತ್ತದೆ. ಹೌದು, ತುಟಿ ಒಡೆದರೆ ಹಚ್ಚುತ್ತೇವಲ್ಲ, ಅದೇ. ರಕ್ತದಲ್ಲಿ ಅದು ಎಷ್ಟು ಸೇರುತ್ತದೆಂದರೆ ರಕ್ತ ಕೊನೆಗೆ ಸಮುದ್ರದ ನೀರಿನ ಮಟ್ಟಕ್ಕೆ ಹತ್ತಿರ ಬಂದುಬಿಡುತ್ತದೆ. ಆದರೆ ಕಿವಿರಿನಿಂದಲೂ ಮೂತ್ರದಿಂದಲೂ ಅದು ಸೋರಿಹೋಗುತ್ತಲೇ ಇರುತ್ತದೆ, ಹಾಗಾಗಿ ಇದು ಕನ್ನರ್ ಥರ ಮಲಗುವಂತಿಲ್ಲ, ಚಳಿಗಾಲವೆಲ್ಲ ತಿನ್ನುತ್ತಲೇ ಇರಬೇಕು.

ಈಗ ನಿಮ್ಮ ಬಂಗುಡೆ. ಅಲ್ಲಿ ಬಿಟ್ಟರೆ ಸಾಯುತ್ತದೆ, ಆದರೆ ಹೆಪ್ಪುಗಟ್ಟಿ ಅಲ್ಲ, ಅಷ್ಟು ದೂರ ಹೋಗುವುದೇ ಇಲ್ಲ. ಬೆಚ್ಚಗಿನ ನೀರಿನ ಮೀನಿಗೆ ಚಳಿ ಹತ್ತಿದರೆ ನರ, ಸ್ನಾಯು ಕೈಕೊಡುತ್ತವೆ, ಈಜಲಾಗದೆ ಮಗುಚಿಕೊಳ್ಳುತ್ತದೆ, ಉಸಿರಾಟ ನಿಲ್ಲುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಇದ್ದಕ್ಕಿದ್ದಂತೆ ಚಳಿ ಬಿದ್ದಾಗ ಕನಿಷ್ಠ 38 ಲಕ್ಷ ಮೀನು ಸತ್ತವು ಅಂತ ಅಲ್ಲಿನ ಸರ್ಕಾರದ ಇಲಾಖೆಯೇ ಲೆಕ್ಕ ಕೊಟ್ಟಿತ್ತು. ಆ ಮೀನುಗಳು ಆಗಾಗ ಸ್ವಲ್ಪ ಚಳಿ ನೋಡಿದವು. ನಮ್ಮ ಬಂಗುಡೆ ಅದನ್ನೂ ನೋಡಿಲ್ಲ.