ಸ್ಪೀಡ್ ಟೆಸ್ಟ್‌ನಲ್ಲಿ 200 ಎಂಬಿಪಿಎಸ್ ಬರುತ್ತದೆ, ಆದರೂ ಸಿಂಗಪುರದ ಸರ್ವರ್ ಯಾಕೆ ಇಷ್ಟು ನಿಧಾನ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ನೀವು ಮೈಸೂರಿನ ಮನೆಯಿಂದ ಕೆಲಸ ಮಾಡುತ್ತೀರಿ. ಆಫೀಸಿನ ಸರ್ವರ್ ಸಿಂಗಪುರದಲ್ಲಿದೆ. ಮೊದಲು ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) 60 ಮಿಲಿಸೆಕೆಂಡ್ ಆಸುಪಾಸು ಇತ್ತು, ಕಳೆದ ವಾರದಿಂದ 280 ಆಗಿದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಫೈಲ್ ಕಾಪಿಯೂ ನಿಧಾನ. ಸ್ಪೀಡ್ ಟೆಸ್ಟ್ ಮಾತ್ರ 200 ಎಂಬಿಪಿಎಸ್ ತೋರಿಸುತ್ತದೆ, ಇಂಟರ್ನೆಟ್ ಕಂಪನಿಯವರು "ಲೈನ್ ಸರಿಯಾಗಿದೆ ಸಾರ್" ಅನ್ನುತ್ತಾರೆ. ಎಂಟಿಆರ್ (ಸರ್ವರ್‌ವರೆಗಿನ ದಾರಿಯ ಪ್ರತಿ ರೂಟರನ್ನೂ ಒಂದೊಂದು ಸಾಲಾಗಿ ತೋರಿಸುವ ಪ್ರೋಗ್ರಾಂ) ಹಾಕಿ ನೋಡಿದರೆ ಮೂರನೇ ಸಾಲಿನಲ್ಲಿ ಬರೀ ಪ್ರಶ್ನೆ ಚಿಹ್ನೆ, ಐದನೇ ಸಾಲಿನಲ್ಲಿ 60% ಲಾಸ್, ಅಂದರೆ ಕಳಿಸಿದ ನೂರು ಪ್ಯಾಕೆಟ್‌ (ಡೇಟಾ ತುಣುಕು) ಪೈಕಿ ಅರವತ್ತಕ್ಕೆ ಉತ್ತರವೇ ಇಲ್ಲ. ಅಲ್ಲೇ ಏನೋ ಕೆಟ್ಟಿದೆ ಅಂತ ನಿಮ್ಮ ಅನುಮಾನ.

ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ, ಇಂಥ ಟಿಕೆಟ್ ತುಂಬಾ ಬರುತ್ತಿದ್ದವು. ನೀವು ಹಾಕಿರುವ ಸಾಲುಗಳನ್ನು ನೋಡಿದರೆ ಐದನೇ ಸಾಲಿನದು ಏನೂ ತಪ್ಪಿಲ್ಲ. ತೊಂದರೆ ಆರು ಮತ್ತು ಏಳನೇ ಸಾಲಿನ ಮಧ್ಯೆ ಇದೆ.

ಮೊದಲು ಸ್ಪೀಡ್ ಟೆಸ್ಟ್ ವಿಷಯ. ಅದು ಸಾಮಾನ್ಯವಾಗಿ ನಿಮಗೆ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಆ ಸರ್ವರ್ ನಿಮ್ಮ ಇಂಟರ್ನೆಟ್ ಕಂಪನಿಯ ಒಳಗೇ ಇರುತ್ತದೆ. ಜೊತೆಗೆ ಒಂದೇ ಸಲಕ್ಕೆ ಹಲವು ಕನೆಕ್ಷನ್ ತೆರೆದು ಪೈಪು ತುಂಬಿಸುತ್ತದೆ. ನಿಮ್ಮ ಮನೆಯ ಫೈಬರ್ ಚೆನ್ನಾಗಿದೆಯಾ ಅಂತ ತಿಳಿಯೋಕೆ ಅಷ್ಟು ಸಾಕು. ಸಿಂಗಪುರದ ದಾರಿ ಹೇಗಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ವಿಳಾಸಕ್ಕೆ ಪಿಂಗ್ ಹಾಕಿ "ಚೆನ್ನಾಗಿದೆ" ಅನ್ನುವುದೂ ಅಷ್ಟೇ. ಆ ವಿಳಾಸಗಳು ಜಗತ್ತಿನ ಎಷ್ಟೋ ಊರುಗಳಲ್ಲಿ ಒಟ್ಟಿಗೇ ಇವೆ, ನಿಮಗೆ ಉತ್ತರ ಕೊಡುವುದು ಹತ್ತಿರದ್ದು.

ಇನ್ನು 280 ಮಿಲಿಸೆಕೆಂಡ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವುದು ಎರಡೂ ಸೇರಿದರೆ, ಪ್ರತಿ 100 ಕಿ.ಮೀ.ಗೆ ಒಂದು ಮಿಲಿಸೆಕೆಂಡ್ ಅಂತ ನೆನಪಿಟ್ಟುಕೊಳ್ಳಿ. ಮೈಸೂರಿನಿಂದ ಸಿಂಗಪುರ ನೇರವಾಗಿ ಸುಮಾರು 3,200 ಕಿ.ಮೀ. ಅಂದರೆ 32 ಮಿಲಿಸೆಕೆಂಡ್‌ಗಿಂತ ಕಡಿಮೆ ಯಾರಿಂದಲೂ ಆಗಲ್ಲ. ಕೇಬಲ್ ನೇರ ಗೆರೆಯಲ್ಲಿ ಹೋಗಲ್ಲ, ಹಾಗಾಗಿ 45ರಿಂದ 60 ಬಂದರೆ ಒಳ್ಳೆಯ ದಾರಿ. 280 ಅಂದರೆ ಒಂದೋ ಪ್ಯಾಕೆಟ್‌ಗಳು ಎಲ್ಲೋ ಸಾಲಲ್ಲಿ ಕಾಯುತ್ತಿವೆ, ಇಲ್ಲ ಭಾರಿ ದೂರ ಸುತ್ತುತ್ತಿವೆ. ಕಾಯುವುದಾದರೆ ಸಂಖ್ಯೆ ಕುಣಿಯುತ್ತದೆ: ಒಮ್ಮೆ 90, ಒಮ್ಮೆ 400, ಬೆಳಗಿನ ಜಾವ ಸರಿ, ರಾತ್ರಿ ಒಂಬತ್ತಕ್ಕೆ ಕೆಟ್ಟದು. ನಿಮ್ಮದು ಹಗಲು ರಾತ್ರಿ 280–285ರಲ್ಲೇ ಕೂತಿದೆ. ಇದು ಸುತ್ತಾಟ.

ಎಂಟಿಆರ್ ಓದೋಕೆ ಮುಂಚೆ ಅದು ಕೆಲಸ ಮಾಡುವ ಬಗೆ ಗೊತ್ತಿರಬೇಕು. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಅನ್ನುವ ಒಂದು ಸಂಖ್ಯೆ ಇರುತ್ತದೆ. ದಾಟುವ ಪ್ರತಿ ರೂಟರ್ ಅದರಿಂದ ಒಂದು ಕಳೆಯುತ್ತದೆ. ಸೊನ್ನೆ ಆದ ಕಡೆ ರೂಟರ್ ಪ್ಯಾಕೆಟ್ ಬಿಸಾಕಿ, "ಇಲ್ಲಿ ಮುಗಿಯಿತು" ಅಂತ ಕಳಿಸಿದವರಿಗೆ ಒಂದು ಸಂದೇಶ ಕಳಿಸುತ್ತದೆ. ಪ್ಯಾಕೆಟ್‌ಗಳು ಗೊತ್ತುಗುರಿ ಇಲ್ಲದೆ ಸುತ್ತುತ್ತಲೇ ಇರಬಾರದು ಅಂತ ಮಾಡಿದ ವ್ಯವಸ್ಥೆ ಅದು. 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಇದನ್ನೇ ಬಳಸಿಕೊಂಡು ಟ್ರೇಸ್‌ರೂಟ್ ಬರೆದರು. ಟಿಟಿಎಲ್ 1 ಇಟ್ಟು ಕಳಿಸು, ಮೊದಲ ರೂಟರ್ ಸಿಗುತ್ತದೆ. 2 ಇಟ್ಟರೆ ಎರಡನೆಯದು. ಎಂಟಿಆರ್ ಇದನ್ನೇ ಮತ್ತೆ ಮತ್ತೆ ಮಾಡಿ ಲೆಕ್ಕ ಇಡುತ್ತದೆ. ನನಗೆ ಈಗಲೂ ಇದು ನೆಟ್‌ವರ್ಕಿಂಗ್‌ನ ಅತ್ಯಂತ ಚೆಂದದ ಕಿತಾಪತಿ ಅನ್ನಿಸುತ್ತದೆ.

ಆದರೆ ಇದರಲ್ಲಿ ಒಂದು ತೊಡಕಿದೆ. ದೊಡ್ಡ ರೂಟರ್‌ನಲ್ಲಿ ಪ್ಯಾಕೆಟ್ ದಾಟಿಸುವ ಕೆಲಸ ಅದಕ್ಕೇ ಮಾಡಿದ ಚಿಪ್‌ನದು. "ಇಲ್ಲಿ ಮುಗಿಯಿತು" ಅಂತ ಉತ್ತರ ಬರೆಯುವ ಕೆಲಸ ಸಾಮಾನ್ಯವಾಗಿ ಅದರ ಪುಟ್ಟ ಸಿಪಿಯು ಮೇಲೆ ಬೀಳುತ್ತದೆ. ಆ ಸಿಪಿಯುಗೆ ಬೇರೆ ಮುಖ್ಯ ಕೆಲಸ ಇದೆ, ಹಾಗಾಗಿ ಇಂಥ ಉತ್ತರಗಳಿಗೆ ಮಿತಿ ಹಾಕಿರುತ್ತಾರೆ, ಇಲ್ಲ ಪೂರ್ತಿ ನಿಲ್ಲಿಸಿರುತ್ತಾರೆ. ನಿಮ್ಮ ಮೂರನೇ ಸಾಲು ಪೂರ್ತಿ ನಿಲ್ಲಿಸಿದ್ದು. ಐದನೆಯದು ಹತ್ತಕ್ಕೆ ನಾಲ್ಕಕ್ಕೆ ಮಾತ್ರ ಉತ್ತರ ಕೊಡುವಂಥದ್ದು. ನಿಜವಾಗಿ ಅಲ್ಲಿ 60% ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಅದರ ನಂತರದ ಎಲ್ಲಾ ಸಾಲುಗಳಲ್ಲೂ 60% ಕಾಣಬೇಕಿತ್ತು ಅಲ್ವಾ? ನಿಮ್ಮ ಕೊನೆಯ ಸಾಲಿನಲ್ಲಿ ಲಾಸ್ 0%. ಲಾಸ್ ನೋಡುವಾಗ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ.

ಈಗ ಆರು ಮತ್ತು ಏಳು. ಆರನೇ ಸಾಲು 29 ಮಿಲಿಸೆಕೆಂಡ್, ರೂಟರ್ ಹೆಸರಿನಲ್ಲಿ "ಬಿಒಎಂ" ಇದೆ. ಏಳನೆಯದು 134, ಹೆಸರಿನಲ್ಲಿ "ಎಂಆರ್‌ಎಸ್". ನೆಟ್‌ವರ್ಕ್‌ನವರು ರೂಟರ್‌ಗೆ ಹೆಸರಿಡುವಾಗ ಹೆಚ್ಚಾಗಿ ವಿಮಾನ ನಿಲ್ದಾಣದ ಮೂರಕ್ಷರ ಬಳಸುತ್ತಾರೆ. ಬಿಒಎಂ ಮುಂಬೈ. ಎಂಆರ್‌ಎಸ್ ಫ್ರಾನ್ಸಿನ ಮಾರ್ಸೇ. ಭಾರತದಿಂದ ಕೆಂಪು ಸಮುದ್ರ, ಈಜಿಪ್ಟ್ ದಾಟಿ ಯುರೋಪಿಗೆ ಹೋಗುವ ಹಲವು ಕೇಬಲ್‌ಗಳು ದಡ ಸೇರುವುದು ಅಲ್ಲೇ. ಹೆಸರು ಹಳೆಯದಾಗಿದ್ದು ಸುಳ್ಳು ಹೇಳುವುದೂ ಉಂಟು, ಆದರೆ ಇಲ್ಲಿ 105 ಮಿಲಿಸೆಕೆಂಡ್ ಜಿಗಿತ ಹೆಸರಿಗೆ ಹೊಂದುತ್ತದೆ. ಅಲ್ಲಿಂದ ಸಿಂಗಪುರಕ್ಕೆ ಇನ್ನೂ 148. ಅಂದರೆ ನಿಮ್ಮ ಪ್ಯಾಕೆಟ್ ಫ್ರಾನ್ಸ್‌ಗೆ ಹೋಗಿ, ಬಹುತೇಕ ಅದೇ ಸಮುದ್ರದ ದಾರಿಯಲ್ಲಿ ವಾಪಸ್ ಬಂದು, ಭಾರತದ ಪಕ್ಕದಲ್ಲೇ ಹಾದು ಸಿಂಗಪುರ ಸೇರುತ್ತಿದೆ. ಕೊಂಕಣ ಸುತ್ತಿ ಮೈಲಾರಕ್ಕೆ ಅಂದರೆ ಇದೇ.

ಫೈಲ್ ಕಾಪಿ ಕೂಡ ನಿಧಾನ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಒಂದು ಟಿಸಿಪಿ (ಕಳಿಸಿದ್ದು ತಲುಪಿತಾ ಅಂತ ಖಾತ್ರಿ ಮಾಡಿಕೊಳ್ಳುವ ಬಗೆ) ಕನೆಕ್ಷನ್ ಉತ್ತರಕ್ಕೆ ಕಾಯದೆ ಒಂದು ಸಲಕ್ಕೆ 64 ಕೆಬಿ ಕಳಿಸುತ್ತದೆ ಅಂದುಕೊಳ್ಳಿ. 60 ಮಿಲಿಸೆಕೆಂಡ್‌ನಲ್ಲಿ ಅದು ಸುಮಾರು 8.7 ಎಂಬಿಪಿಎಸ್ ಆಗುತ್ತದೆ, 280ರಲ್ಲಿ 1.9ಕ್ಕೆ ಇಳಿಯುತ್ತದೆ. ಈಗಿನ ಕಂಪ್ಯೂಟರ್‌ಗಳು ಆ 64ನ್ನು ಬೆಳೆಸಿಕೊಳ್ಳುತ್ತವೆ ನಿಜ, ಆದರೆ ಬೆಳೆಯೋಕೂ ಪ್ರತಿ ಸಲ 280 ಕಾಯಬೇಕು. ಪ್ಲಾನ್ ಅನ್ನು 500ಕ್ಕೆ ಏರಿಸಿದರೆ ಸುಮ್ನೆ ದುಡ್ಡು ದಂಡ.

ಇಷ್ಟು ದಡ್ಡ ದಾರಿ ಯಾಕೆ ಆರಿಸಿಕೊಳ್ಳುತ್ತದೆ? ನೆಟ್‌ವರ್ಕ್‌ಗಳ ನಡುವೆ ದಾರಿ ಆರಿಸುವ ಬಿಜಿಪಿ ಅನ್ನುವ ವ್ಯವಸ್ಥೆಗೆ ಕಿಲೋಮೀಟರೂ ಗೊತ್ತಿಲ್ಲ, ಮಿಲಿಸೆಕೆಂಡೂ ಗೊತ್ತಿಲ್ಲ. ಪ್ರತಿ ನೆಟ್‌ವರ್ಕ್‌ಗೂ ಎಎಸ್ ನಂಬರ್ ಅನ್ನುವ ಒಂದು ಗುರುತಿನ ಸಂಖ್ಯೆ ಇರುತ್ತದೆ. ಪಕ್ಕದ ನೆಟ್‌ವರ್ಕ್‌ಗಳು "ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು" ಅಂತ ಸಾರುತ್ತವೆ. ಅದರಲ್ಲಿ ಯಾವುದನ್ನು ಒಪ್ಪುವುದು ಅನ್ನುವುದಕ್ಕೆ ಮೊದಲ ಕಾರಣ ದುಡ್ಡು. ಗಿರಾಕಿಯ ಮೂಲಕ ಹೋದರೆ ಕಾಸು ಬರುತ್ತದೆ, ಅದು ಮೊದಲು. ಪೀರಿಂಗ್, ಅಂದರೆ ಎರಡು ನೆಟ್‌ವರ್ಕ್ ನೇರವಾಗಿ ಕೈ ಜೋಡಿಸಿದರೆ, ಇಬ್ಬರಿಗೂ ಖರ್ಚಿಲ್ಲ, ಅದು ಎರಡನೆಯದು. ಬೇರೆ ಕಂಪನಿಗೆ ಕಾಸು ಕೊಟ್ಟು ತಗೊಂಡ ದಾರಿ, ಅಂದರೆ ಟ್ರಾನ್ಸಿಟ್, ಕೊನೆಗೆ. ಇಲ್ಲೂ ಸಮ ಬಂದರೆ ಮಾತ್ರ, ಮಧ್ಯೆ ಎಷ್ಟು ನೆಟ್‌ವರ್ಕ್ ಇವೆ ಅಂತ ಎಣಿಸುತ್ತದೆ. ಆ ಎಣಿಕೆಯಲ್ಲಿ ಮುಂಬೈಯಿಂದ ಮಾರ್ಸೇವರೆಗೆ ಒಂದೇ ಕಂಪನಿಯ ಕೇಬಲ್ ಇದ್ದರೆ ಅದು ಬರೀ ಒಂದು.

ಬಿಜಿಪಿಗೆ ದೂರ ತಿಳಿಯಲ್ಲ ಅಷ್ಟೇ ಅಲ್ಲ, ತಾನಾಗಿ ಸುಳ್ಳೂ ತಿಳಿಯಲ್ಲ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಟೆಲಿಕಾಂ ಕಂಪನಿ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚೋಕೆ ಹಾಕಿದ ದಾರಿ ಹೊರಗೆ ಸೋರಿ, ಸುಮಾರು ಎರಡು ಗಂಟೆ ಜಗತ್ತಿನ ಬಹಳಷ್ಟು ಕಡೆ ಯೂಟ್ಯೂಬ್ ಸಿಗಲಿಲ್ಲ. ಹೆಚ್ಚು ನಿಖರವಾದ ವಿಳಾಸ ಸಾರಿದವರನ್ನೇ ರೂಟರ್‌ಗಳು ನಂಬುತ್ತವೆ. ಇರಲಿ, ನಿಮ್ಮ ವಿಷಯ ಅದಲ್ಲ.

ನಿಮ್ಮಲ್ಲಿ ಆಗಿರಬಹುದಾದದ್ದು ಎರಡು. ಕರ್ನಾಟಕದ ಕರಾವಳಿಯಲ್ಲಿ ಅಂತರರಾಷ್ಟ್ರೀಯ ಕೇಬಲ್ ದಡ ಸೇರುವ ಜಾಗ ಇಲ್ಲ. ಸಿಂಗಪುರಕ್ಕೆ ನಮಗೆ ಸಹಜವಾದ ಬಾಗಿಲು ಚೆನ್ನೈ. ಆ ಕಡೆಯ ಕೇಬಲ್ ಕೆಟ್ಟು, ಟ್ರಾಫಿಕ್ ಅನ್ನು ಪಶ್ಚಿಮಕ್ಕೆ ತಿರುಗಿಸಿರಬಹುದು. ಇಲ್ಲ ನಿಮ್ಮ ಇಂಟರ್ನೆಟ್ ಕಂಪನಿ ಟ್ರಾನ್ಸಿಟ್ ಬದಲಿಸಿ, ಹೊಸಬರಿಗೂ ನಿಮ್ಮ ಆಫೀಸಿನ ನೆಟ್‌ವರ್ಕ್‌ಗೂ ಕೈ ಜೋಡಿಕೆ ಯುರೋಪಿನಲ್ಲಿ ಮಾತ್ರ ಇರಬಹುದು. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ. ಕೇಬಲ್ ಕೆಟ್ಟರೆ ನೀವೊಬ್ಬರೇ ಅಲ್ಲ, ಎಲ್ಲರೂ ಕಿರುಚುತ್ತಾರೆ.

ಪರೀಕ್ಷೆ ಸುಲಭ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲ್‌ನಿಂದ ಹಾಟ್‌ಸ್ಪಾಟ್ ಹಾಕಿ, ಅದೇ ಸರ್ವರ್‌ಗೆ ಎಂಟಿಆರ್ ಓಡಿಸಿ. ಅಲ್ಲಿ 80–90 ಬಂದರೆ ಸರ್ವರ್ ಚೆನ್ನಾಗಿದೆ, ನಿಮ್ಮ ಫೈಬರ್ ಕಂಪನಿಯ ದಾರಿಯೇ ಕೆಟ್ಟಿದೆ.

ಇನ್ನೊಂದು ಮುಖ್ಯ. ಎಂಟಿಆರ್ ಕಾಣಿಸುವುದು ಹೋಗುವ ದಾರಿ ಮಾತ್ರ. ಬರುವ ದಾರಿ ಬೇರೆ ಇರಬಹುದು, ತುಂಬಾ ಸಲ ಇರುತ್ತದೆ. ಆದರೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಎರಡೂ ಸೇರಿರುತ್ತವೆ. ರೂಟರ್ ಹೆಸರು ಚೆನ್ನೈ ಅಂತಲೇ ಇದ್ದು ಸಮಯ ಮಾತ್ರ 200ಕ್ಕೆ ಹಾರಿದ್ದರೆ, ಸುತ್ತಾಟ ಬರುವಾಗ ಆಗುತ್ತಿದೆ ಅಂತ ನಾನು ಅನುಮಾನ ಪಡುತ್ತಿದ್ದೆ. ನಿಮ್ಮದರಲ್ಲಿ ಹೋಗುವ ದಾರಿಯೇ ಫ್ರಾನ್ಸ್ ಕಡೆ ತಿರುಗಿದೆ. ಆದರೂ ಆಫೀಸಿನ ಐಟಿಯವರಿಗೆ ಹೇಳಿ, ಸಿಂಗಪುರದಿಂದ ನಿಮ್ಮ ಮನೆಯ ಪಬ್ಲಿಕ್ ಐಪಿಗೆ (ಹೊರಗಿನವರಿಗೆ ಕಾಣುವ ವಿಳಾಸ) ಒಂದು ಎಂಟಿಆರ್ ತೆಗೆಸಿ. ನಿಮ್ಮ ಎರಡನೇ ಸಾಲು 100.64 ಅಂತ ಶುರುವಾಗುತ್ತದೆ, ಅಂದರೆ ನೀವು ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಹಾಗಾಗಿ ಅವರ ಟ್ರೇಸ್ ಮನೆವರೆಗೆ ಬರಲ್ಲ, ಕಂಪನಿಯ ಗೇಟ್‌ವರೆಗೆ ಬಂದರೂ ಸಾಕು.

ಆಮೇಲೆ ದೂರು ಬರೆಯಿರಿ. "ನೆಟ್ ಸ್ಲೋ" ಅಂತ ಬರೆದರೆ ರೂಟರ್ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ, ಅಷ್ಟೇ. ನಿಮ್ಮ ಪಬ್ಲಿಕ್ ಐಪಿ, ಸರ್ವರ್ ಐಪಿ, ದಿನಾಂಕ, ಸಮಯ, ಎರಡೂ ಕಡೆಯ ಎಂಟಿಆರ್, ಜೊತೆಗೆ ಒಂದೇ ಸಾಲು: "ಸಿಂಗಪುರಕ್ಕೆ ಹೋಗುವ ಟ್ರಾಫಿಕ್ ಮುಂಬೈಯಿಂದ ಮಾರ್ಸೇ ಮೂಲಕ ಹೋಗುತ್ತಿದೆ, ದಯವಿಟ್ಟು ಎನ್‌ಒಸಿಗೆ ಕಳಿಸಿ." ಈ ಮಾತು ಎನ್‌ಒಸಿಯಲ್ಲಿ, ಅಂದರೆ ಕಂಪನಿಯ ಇಡೀ ನೆಟ್‌ವರ್ಕ್ ನೋಡಿಕೊಳ್ಳುವ ಕೇಂದ್ರದಲ್ಲಿ, ಕೂತವರ ಕಣ್ಣಿಗೆ ಬಿದ್ದರೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಸರಿ ಮಾಡೋಕೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಬೇರೆ ಮಾತು, ಅದು ಅವರ ಒಪ್ಪಂದದ ಮೇಲೆ ಹೋಗುತ್ತದೆ.

ಅಲ್ಲಿವರೆಗೆ ಆಫೀಸಿನವರು ಮುಂಬೈನ ಯಾವುದಾದರೂ ದೊಡ್ಡ ಕ್ಲೌಡ್‌ನಲ್ಲಿ ಒಂದು ವಿಪಿಎನ್ ಬಾಗಿಲು ಇಟ್ಟುಕೊಟ್ಟರೆ ಬಚಾವ್. ಮನೆಯಿಂದ ಮುಂಬೈ ಹೇಗೂ 29 ಇದೆ. ಅಲ್ಲಿಂದ ಮುಂದೆ ಕ್ಲೌಡ್‌ನವರ ಸ್ವಂತ ಬ್ಯಾಕ್‌ಬೋನ್ (ಮುಖ್ಯ ಕೇಬಲ್ ಜಾಲ) ಸಿಂಗಪುರಕ್ಕೆ ಕರೆದೊಯ್ಯುತ್ತದೆ. ಒಟ್ಟು 90–100ಕ್ಕೆ ಇಳಿಯಬೇಕು.

ಆಫೀಸ್ ಕಡೆಯ ಟ್ರೇಸ್ ಸಿಕ್ಕರೆ ಕಾಮೆಂಟ್‌ನಲ್ಲಿ ಹಾಕಿ, ನೋಡೋಣ. ಐಪಿಗಳ ಕೊನೆಯ ಭಾಗ ಅಳಿಸಿ ಹಾಕಿ, ಊರಿನ ಮೂರಕ್ಷರ ಮಾತ್ರ ಅಳಿಸಬೇಡಿ.