ಎದೆನೋವು ಎಂದು ಬಂದ ಕಿರಣ್

(ಗುರುತು ಸಿಗದಂತೆ ಹೆಸರು, ಕೆಲಸ, ಮನೆಯ ವಿವರ ಬದಲಿಸಿದೆ. ಪ್ರಕರಣ 2023ರದು, ಇಲ್ಲಿ ಬರುವ ದಾಖಲೆಯ ನಿಯಮಗಳೂ ಆಗಿನವೇ.)

ಕಿರಣ್ ಎಂದು ಕರೆಯೋಣ. ವಯಸ್ಸು 23. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರು, ತಾನು ಗಂಡೆಂದು ಆತ ಹೇಳಿದ್ದು ಆಮೇಲೆ. ಬೆಳಗಾವಿ ಕಡೆಯ ಊರು, ಬೆಂಗಳೂರಿಗೆ ಬಂದು 8 ತಿಂಗಳು, ವಾಸ ಲೇಡೀಸ್ ಪಿಜಿಯಲ್ಲಿ. ದೂರು ಎದೆನೋವು, ಉಸಿರು ಕಟ್ಟುವುದು. ಇಸಿಜಿ ಸರಿಯಿತ್ತು, ವೈದ್ಯರು ‘ಆತಂಕ’ ಎಂದು ಬರೆದು ಆಪ್ತಸಲಹೆಗೆ ನಮ್ಮ ಬಳಿ ಕಳಿಸಿದ್ದರು.

ಬೆನ್ನು ಬಾಗಿಸಿ, ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತಿದ್ದ. ಮೈಮೇಲೆ ಬಿಗಿಯಾಗಿ ಏನಾದರೂ ಕಟ್ಟಿಕೊಂಡಿದ್ದೀರಾ ಎಂದು ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: ಎದೆ ಚಪ್ಪಟೆ ಕಾಣಲೆಂದು ಎರಡು ಕ್ರೇಪ್ ಬ್ಯಾಂಡೇಜ್, ಬೆಳಗ್ಗೆ 6ಕ್ಕೆ ಬಚ್ಚಲಲ್ಲಿ ಸುತ್ತಿದರೆ ಬಿಚ್ಚುವುದು ರಾತ್ರಿ 9ಕ್ಕೆ. ಕ್ರೇಪ್ ಬ್ಯಾಂಡೇಜ್ ಇರುವುದು ಉಳುಕಿದ ಕಾಲಿಗೆ. ಎದೆಗೆ ಸುತ್ತಿದರೆ ಓಡಾಡುತ್ತ ಇನ್ನೂ ಬಿಗಿಯುತ್ತದೆ, ಪಕ್ಕೆಲುಬು ಹಿಗ್ಗಲು ಜಾಗ ಬಿಡುವುದಿಲ್ಲ. ಆತಂಕ ಇತ್ತು, ನಿಜ. ಆದರೆ ಉಸಿರು ಕಟ್ಟುತ್ತಿದ್ದದ್ದು ಆತಂಕದಿಂದ ಮಾತ್ರವಲ್ಲ.

ಮೊದಲ ಸಲಹೆ ಇದಕ್ಕೇ. ಬ್ಯಾಂಡೇಜ್ ಇವತ್ತೇ ನಿಲ್ಲಲಿ. ಟೇಪಿನಿಂದ ಎದೆಸುತ್ತಳತೆ ತೆಗೆದು ಸರಿಯಾದ ಸೈಜಿನ ಬೈಂಡರ್ (ಎದೆ ಚಪ್ಪಟೆ ಕಾಣಲೆಂದೇ ಹೊಲಿದ ಒಳಉಡುಪು) ತರಿಸಿ. ಚಪ್ಪಟೆಯಾಗಲಿ ಎಂದು ಒಂದು ಸೈಜ್ ಚಿಕ್ಕದು ಬೇಡ. ದಿನಕ್ಕೆ 8 ಗಂಟೆ ಮೀರಬಾರದು, ಹಾಕಿಕೊಂಡು ಮಲಗಬಾರದು, ಓಡಬಾರದು. ವಾರದಲ್ಲಿ ಒಂದು ದಿನ ಬೇಡವೇ ಬೇಡ, ಅಂದು ಸ್ಪೋರ್ಟ್ಸ್ ಬ್ರಾ ಮೇಲೆ ದೊಗಲೆ ಶರ್ಟ್ ಸಾಕು. ಜುಮುಗುಟ್ಟಿದರೆ, ನೋವು ಬಂದರೆ ಎಲ್ಲಿದ್ದರೂ ಬಿಚ್ಚಿ.

ಎರಡನೇ ಭೇಟಿಯಲ್ಲಿ ಒಳಗಿನ ಮಾತು ಬಂತು. ಕಿರಣ್ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದ. ಗೇ ಮತ್ತು ಲೆಸ್ಬಿಯನ್ ಗೆಳೆಯರ ಕೂಟಕ್ಕೆ ಹೋದರೆ ಅವರು ಅಕ್ಕರೆಯಿಂದಲೇ ಲೆಸ್ಬಿಯನ್ ಅಂದರು. ಟ್ರಾನ್ಸ್‌ಜೆಂಡರ್ ಸಭೆಗೆ ಹೋದರೆ ಹೆಚ್ಚಿನವರು ಟ್ರಾನ್ಸ್ ಮಹಿಳೆಯರು. ಮಾತೆಲ್ಲ ಹಮಾಮ್ (ಹಿಜಡಾಗಳು ನಡೆಸುವ ಸ್ನಾನದ ಮನೆ), ಗುರು-ಚೇಲಾ ಸಂಬಂಧ, ನಿರ್ವಾಣ (ಗಂಡಿನ ಅಂಗ ತೆಗೆಸುವುದು), ಪೊಲೀಸರ ಕಾಟ. ಎರಡೂ ಕಡೆ ಊಟ ಹಾಕಿದರು, ಎರಡೂ ಕಡೆ ತನ್ನ ಎಲೆ ಇದಲ್ಲ ಅನ್ನಿಸಿತು. ಟ್ರಾನ್ಸ್ ಪುರುಷರಲ್ಲಿ, ಅಂದರೆ ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರೂ ತಾವು ಗಂಡು ಎಂದು ಕಂಡುಕೊಂಡವರಲ್ಲಿ, ಈ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಮನೆ ಬಿಟ್ಟ ಟ್ರಾನ್ಸ್ ಮಹಿಳೆಗೆ ಹಿಜಡಾ ಸಮುದಾಯದ ಜಮಾತ್ ಎಂಬ ಒಂದು ಸೂರಾದರೂ ಇದೆ, ಇವರಿಗೆ ಅಂಥ ಹಳೆಯ ಮನೆಯೇ ಇಲ್ಲ.

‘377 ಹೋಯ್ತಲ್ಲ, ಇನ್ನೂ ನಾನು ಯಾಕೆ ಹೀಗೆ?’ ಎಂದು ಕೇಳಿದ. 377 ಎಂದರೆ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಐಪಿಸಿ ಕಲಂ. ಅದರ ಬಗೆಗಿನ 2018ರ ತೀರ್ಪು ಯಾರನ್ನು ಪ್ರೀತಿಸುತ್ತೀರಿ ಎಂಬುದರದು. ನೀವು ಯಾರು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರಿಸಿದ್ದು 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣ) ತೀರ್ಪಿನಲ್ಲಿ. ಇವೆರಡೂ ಬೇರೆ ಎಂದರೆ ಹೋರಾಟವೂ ಬೇರೆ ಎಂದಲ್ಲ. ಅದೇ 377ನ್ನು ತೋರಿಸಿ ಪೊಲೀಸರು ಹಿಜಡಾ ಸಮುದಾಯವನ್ನೂ ಕಾಡಿದ್ದರಿಂದಲೇ ಎಲ್ಲರೂ ಒಂದೇ ಬಾವುಟದಡಿ ನಡೆದರು. ಆದರೆ ಸಲಹೆಗೆ ಕೂತಾಗ ಎರಡನ್ನೂ ಬಿಡಿಸಲೇಬೇಕು. ಆತನಿಗೆ ಕೇಳಿದ್ದು ಎರಡೇ ಪ್ರಶ್ನೆ. ಆ ಹುಡುಗಿಯ ಪಕ್ಕ ನಿಂತ ನಿಮ್ಮ ಚಿತ್ರ ಕಣ್ಮುಂದೆ ತಂದುಕೊಂಡರೆ ಹೇಗೆ ಕಾಣುತ್ತೀರಿ? ಅವಳು ಸಿಗದೇ ಹೋಗಿದ್ದರೂ ಈ ಕಸಿವಿಸಿ ಇರುತ್ತಿತ್ತೇ? ‘ಏಳನೇ ಕ್ಲಾಸಿಂದ ಇದೆ, ಮುಟ್ಟಾದಾಗಿನಿಂದ’ ಎಂದ. ಹೆಸರು ಇಡುವುದು ಸಲಹೆಗಾರರ ಕೆಲಸವಲ್ಲ, ಅದನ್ನು ಆತನೇ ಇಟ್ಟುಕೊಂಡ. ಟ್ರಾನ್ಸ್ ಪುರುಷರದ್ದೇ ಒಂದು ಚಿಕ್ಕ ಗುಂಪಿನ ಪರಿಚಯ ಮಾಡಿಸಲಾಯಿತು.

ಜಿಮ್‌ನಲ್ಲಿ ಯಾರೋ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ ಕೊಡಿಸುವುದಾಗಿ ಹೇಳಿದ್ದರಂತೆ. ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಲಾಯಿತು. ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞ) ಬಳಿಯೇ ಹೋಗಬೇಕು, ಹಿಮೋಗ್ಲೋಬಿನ್ ಮಿತಿಮೀರಿ ಏರದಂತೆ ಆಗಾಗ ರಕ್ತಪರೀಕ್ಷೆ ಬೇಕು. ದಪ್ಪವಾದ ದನಿ ಔಷಧ ಬಿಟ್ಟರೂ ಮೊದಲಿನಂತಾಗುವುದಿಲ್ಲ. ಮುಟ್ಟು ನಿಂತಿತೆಂದರೆ ಗರ್ಭ ಕಟ್ಟುವುದಿಲ್ಲ ಎಂದೂ ಅರ್ಥವಲ್ಲ.

ದಾಖಲೆಯಲ್ಲಿ ಒಂದು ತೊಡಕಿತ್ತು. 2020ರ ನಿಯಮದಂತೆ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರಕ್ಕೆ ಆಗ ಅಫಿಡವಿಟ್ ಸಾಕಿತ್ತು, ವೈದ್ಯಕೀಯ ಪರೀಕ್ಷೆ ಇರಲಿಲ್ಲ, ಅರ್ಜಿ ಕೊಟ್ಟ 30 ದಿನದೊಳಗೆ ಜಿಲ್ಲಾಧಿಕಾರಿ ಕೊಡಬೇಕಿತ್ತು. ಆದರೆ ಅರ್ಜಿ ಹಾಕುವ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸವಿರಬೇಕಿತ್ತು. ಊರಲ್ಲಿ ಅರ್ಜಿ ಹಾಕಿದರೆ ಕಚೇರಿಯವರೆಲ್ಲ ಅಪ್ಪನ ಪರಿಚಯದವರು. ಹಾಗಾಗಿ 4 ತಿಂಗಳು ಕಾಯಿರಿ, ಪಿಜಿಯ ಬಾಡಿಗೆ ರಸೀದಿ ಒಂದೂ ಎಸೆಯಬೇಡಿ ಎಂದು ಸಲಹೆ. ಮೊದಲು ಪ್ರಮಾಣಪತ್ರ, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್. ಎಸ್ಎಸ್ಎಲ್‌ಸಿ ಅಂಕಪಟ್ಟಿಯ ಹೆಸರು ಕೊನೆಗೆ. ‘ಪುರುಷ’ ಎಂದೇ ಬರೆಸಲು ಚಿಕಿತ್ಸೆ ಪಡೆದದ್ದಕ್ಕೆ ವೈದ್ಯಕೀಯ ಪತ್ರ ಬೇಕಿತ್ತು, ಆ ಮಾತು ಸದ್ಯಕ್ಕೆ ಬದಿಗಿಟ್ಟೆವು.

ಮನೆಯಲ್ಲಿ ಹೇಳುವ ಮೊದಲು ಅಂಕಪಟ್ಟಿ, ಆಧಾರ್ ಮೂಲಪ್ರತಿ ತನ್ನ ಕೈಯಲ್ಲಿರಲಿ, ಎರಡು ರಾತ್ರಿ ಉಳಿಯಲು ಒಂದು ಮನೆ ಗೊತ್ತಿರಲಿ, ವಾಪಸ್ ಬರುವಷ್ಟು ನಗದು ಇರಲಿ ಎಂದಿದ್ದೆವು.

ಮನೆಯಲ್ಲಿ ವಿಷಯ ತಿಳಿದ ಮೇಲೆ ತಾಯಿ ಒಂದು ದಿನ ನಮ್ಮ ಬಳಿ ಬಂದರು. ‘ಎಲ್ಲವ್ವ ಬಂದಾಳೇನ್ರೀ ಮೈಮ್ಯಾಲೆ? ಗುಡ್ಡಕ್ಕ ಕರಕೊಂಡ ಹೋಗ್ಲೇನ್ರಿ?’ ಸವದತ್ತಿಯ ಜೋಗಪ್ಪಗಳನ್ನು ಚಿಕ್ಕಂದಿನಿಂದ ಕಂಡು ಕೈಮುಗಿದವರು. ಗಂಡಾಗಿ ಹುಟ್ಟಿ ಸೀರೆಯುಟ್ಟವರಿಗೆ ಅವರ ಲೋಕದಲ್ಲಿ ಜಾಗವಿತ್ತು. ಹೆಣ್ಣಾಗಿ ಹುಟ್ಟಿ ಅಂಗಿ ತೊಟ್ಟ ಮಗುವಿಗೆ ಇರಲಿಲ್ಲ. ಆ ತಿಳಿವಳಿಕೆಯನ್ನೇ ಹಿಡಿದು ಮಾತಾಡಿದರೆ ಅರ್ಧ ದಾರಿ ಸವೆಯುತ್ತದೆ, ಮೂಢನಂಬಿಕೆ ಎಂದು ತಳ್ಳಿದರೆ ಬಾಗಿಲು ಮುಚ್ಚುತ್ತದೆ. ಸರಿಪಡಿಸುವ ಡಾಕ್ಟರಿದ್ದಾರಂತಲ್ಲ ಎಂದು ಅವರು ಕೇಳಿದ್ದಕ್ಕೆ, ಅಂಥ ಚಿಕಿತ್ಸೆ ವೃತ್ತಿದೋಷ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ ಎಂದು ತಿಳಿಸಲಾಯಿತು. ಕೇಳಿಕೊಂಡದ್ದು ಎರಡೇ: ಒಂದು ವರ್ಷ ಗಂಡು ನೋಡಬೇಡಿ, ಹಳೆ ಹೆಸರಿನ ಬದಲು ಮನೆಯ ಮುದ್ದಿನ ಹೆಸರು ಹಿಡಿದು ಕರೆಯಿರಿ.

ಐದನೇ ಭೇಟಿಗೆ ಎದೆನೋವು ಇರಲಿಲ್ಲ. ಅಪ್ಪ ಇನ್ನೂ ಮಾತಾಡುತ್ತಿರಲಿಲ್ಲ. ತಾಯಿ ಫೋನಿನಲ್ಲಿ ‘ಪುಟ್ಟಾ’ ಅನ್ನುತ್ತಿದ್ದರು.